ಬೋಳುತಲೆಯವರೇ ಗೆಲ್ಲುತ್ತಾರೆ

ತಾನು ಬುದ್ಧಿವಂತೆ ಎಂದು ಹೆಂಗಸೊಬ್ಬಳು ತಾನೇ ಹೇಳಿಕೊಳ್ಳಬಾರದು ಎನ್ನುತ್ತಾರೆ. ಮನೆಯಲ್ಲಿ ಬೇರೆ ಯಾರೂ ಹೇಳದಿದ್ದರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ: ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪ್ಲೇಆಫ್ ಎಂಬ ಕೊನೆಯ ಹಂತದ ಸರಣಿಗಳಲ್ಲಿ ಯಾವ ತಂಡ ಗೆಲ್ಲುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲವಳು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಆ ಆಟ ನೋಡುವವಳೂ ನಾನೊಬ್ಬಳೇ ಎನ್ನುವುದು ಬೇರೆ ಮಾತು.

ಬಾಶೆಟ್ಟಿಹಳ್ಳಿಯ ನೂಲಿನ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನಿವೃತ್ತಿಯಾದರೂ ಕಣ್ಣು ಮಾತ್ರ ಮೊದಲನೇ ಶಿಫ್ಟಿಗೇ ತೆರೆದುಕೊಳ್ಳುತ್ತದೆ. ಸ್ನಾನ, ರಂಗೋಲಿ, ಕಾಫಿ ಮುಗಿಸಿ ಟೀವಿ ಹಾಕಿದರೆ ಆ ಹೊತ್ತಿಗೆ ನೇರಪ್ರಸಾರ ಬರುತ್ತಿದ್ದದ್ದು ಇದೊಂದೇ ಆಟ. ನಮಗೆ ಬೆಳಗಾದಾಗ ಅಲ್ಲಿನವರಿಗೆ ರಾತ್ರಿಯಂತೆ. ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ತಂಡದವರು ದಿನಕ್ಕೊಂದು ಬಣ್ಣದ ಅಂಗಿ ಹಾಕಿ ಬರುತ್ತಾರೆ. ನಮ್ಮ ಕಾರ್ಖಾನೆಗೆ ಹಾಗೆ ಬಂದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಿದ್ದೆ. ಅಂಗಿ ನಂಬಿ ಒಮ್ಮೆ ಇಡೀ ಪಂದ್ಯ ಎದುರಾಳಿಗಳಿಗೆ ಚಪ್ಪಾಳೆ ತಟ್ಟಿದ ಮೇಲೆ, ತಂಡಗಳನ್ನು ಕೋಚ್‌ಗಳ ತಲೆಯಿಂದ ಗುರುತಿಸಲು ಕಲಿತೆ.

ಗೆಲ್ಲುವವರನ್ನು ಗುರುತಿಸುವುದು ಮಾತ್ರ ನನಗೆ ಹೊಸ ವಿದ್ಯೆಯಲ್ಲ. ಕಾರ್ಖಾನೆಯಲ್ಲಿ ಅಂದಿನ ಕೆಲಸ ಹೇಗೆ ನಡೆಯುತ್ತದೆಂದು ಶಿಫ್ಟ್ ಬದಲಾಗುವಾಗಲೇ ಹೇಳುತ್ತಿದ್ದೆ. ಮನೆಗೆ ಹೊರಟ ಹುಡುಗಿ ಬ್ಯಾಗು ಎತ್ತಿಕೊಂಡು ಓಡಿದರೆ ಅವಳ ಯಂತ್ರದ ಸಾಲು ಅಂದು ಕೆಟ್ಟಿತು. ನಿಂತು, "ಅಕ್ಕಾ, ಈ ಕೊನೇಲಿ ದಾರ ಕಿತ್ಕೊಳ್ತಾ ಐತೆ, ನೋಡ್ಕೋ" ಎಂದು ಮುಂದಿನ ಶಿಫ್ಟಿಗೆ ಬಂದವಳಿಗೆ ಹೇಳಿ ಹೋದರೆ ಚಿಂತೆಯಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲೂ ಆಟಗಾರರು ಒಳಗೆ ಹೊರಗೆ ಬದಲಾಗುತ್ತಲೇ ಇರುತ್ತಾರೆ. ಹೊರಬಂದವನು ಟವೆಲ್ ಎಸೆದು ಮುಖ ಊದಿಸಿ ಕೂತರೆ ಆ ತಂಡ ಸೋಲುತ್ತದೆ. ಒಳಹೋಗುವವನ ಕಿವಿಯಲ್ಲಿ ಏನಾದರೂ ಹೇಳಿದರೆ ಗೆಲ್ಲುತ್ತದೆ. ಈ ವರ್ಷ ಒಂದನ್ನು ಬಿಟ್ಟು ಎಲ್ಲ ಸರಣಿಗಳನ್ನೂ ಸರಿಯಾಗಿ ಹೇಳಿದ್ದೆ. ಆ ಒಂದರಲ್ಲಿ ರೆಫರಿ ಸರಿಯಿರಲಿಲ್ಲ.

ತೊಂದರೆ ಬಂದದ್ದು ನಮ್ಮ ಯಜಮಾನರಿಂದ. ದೊಡ್ಡಬೆಳವಂಗಲದ ಹತ್ತಿರ ಅವರ ದ್ರಾಕ್ಷಿ ತೋಟವಿದೆ. ಟೀವಿಯಲ್ಲಿ ರಾಶಿಭವಿಷ್ಯ ಕೇಳದೆ ಅವರು ತೋಟಕ್ಕೆ ಕಾಲಿಡುವುದಿಲ್ಲ. ಅದೂ ನನ್ನ ಆಟದ ಹೊತ್ತಿಗೇ ಬರುತ್ತದೆ. ಫೈನಲ್ ಸರಣಿ ಶುರುವಾದಾಗ ಜಗಳ ಜೋರಾಯಿತು.

"ಆ ಜ್ಯೋತಿಷಿ ಹೇಳಿದ್ದು ಯಾವತ್ತಾದ್ರೂ ನಿಜ ಆಗಿದ್ಯೇನ್ರೀ? ನಾನು ಹೇಳಿದ್ದು ಆಗುತ್ತೆ" ಎಂದೆ.

"ಓಹೋ! ಹಂಗಾದ್ರೆ ಈ ಫೈನಲ್ ಯಾರು ಗೆಲ್ತಾರೆ ಹೇಳು ನೋಡನ. ನಿಂದು ನಿಜ ಆದ್ರೆ ಬೆಳಗಿನ ಟೀವಿ ನಿಂದೇ. ಸುಳ್ಳಾದ್ರೆ ರಿಮೋಟ್ ಮುಟ್ಟಂಗಿಲ್ಲ."

"ಬೋಳುತಲೆಯವರೇ ಗೆಲ್ತಾರೆ."

ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರಿಗೆ ಕಪ್. ಬೋಳುತಲೆ ಕೋಚ್‌ನ ತಂಡ ಮೊದಲೆರಡನ್ನೂ ಸೋತಿತು. ಯಜಮಾನರು ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಾ, "ನಿನ್ ಬೋಳ್ತಲೆಗೆ ಶನಿ ಹೆಗಲೇರವ್ನೆ ಕಣೇ, ಒಂದು ಎಳ್ಳುದೀಪ ಹಚ್ಚು" ಎಂದರು. ನಾನು ಅಲುಗಲಿಲ್ಲ. ಸೋಲುತ್ತಿದ್ದಾಗಲೂ ಆ ಹುಡುಗರು ಕಿವಿಯಲ್ಲಿ ಹೇಳುವುದನ್ನು ಬಿಟ್ಟಿರಲಿಲ್ಲ. ಸರಣಿ ಮೂರು ಮೂರಕ್ಕೆ ಬಂತು.

ಏಳನೆಯ ಪಂದ್ಯದ ಕೊನೆಗೆ ನಮ್ಮವರು ಒಂದೇ ಅಂಕ ಹಿಂದಿದ್ದರು. ನಮ್ಮ ಮುಖ್ಯ ಆಟಗಾರ ಕಾಲು ಹಿಡಿದುಕೊಂಡು ಹೊರಬಂದ. ಬಂದವನು ಕುಂಟುತ್ತಲೇ ಬದಲಿ ಹುಡುಗನ ಕುತ್ತಿಗೆ ಹಿಡಿದು ಏನೋ ಹೇಳಿದ. ಎದುರಾಳಿ ಚೆಂಡನ್ನು ಎಡಕ್ಕೆ ಎಸೆಯುವಷ್ಟರಲ್ಲಿ ಹುಡುಗ ಅಲ್ಲೇ ನಿಂತಿದ್ದ! ಚೆಂಡು ಕಸಿದು ಓಡಿ ಬುಟ್ಟಿಗೆ ಹಾಕಿದ, ಅಲ್ಲಿಗೆ ಆಟದ ಸಮಯ ಮುಗಿಯಿತು. ನಾನು ಎದ್ದು ನಿಂತು ಕೂಗಿದ್ದಕ್ಕೆ ಯಜಮಾನರ ಉಪ್ಪಿಟ್ಟು ನೆಲಕ್ಕೆ ಬಿತ್ತು.

ಮರುದಿನ ಬೆಳಗ್ಗೆ ರಿಮೋಟ್ ಹಿಡಿದು, ಬಡ್ತಿ ಸಿಕ್ಕ ಅಧಿಕಾರಿಯಂತೆ ಕುರ್ಚಿಯಲ್ಲಿ ಕೂತೆ. ಶಿಫ್ಟಿಗೆ ಹೊರಟಿದ್ದ ಸೊಸೆ ಆಶಾ ಬಾಗಿಲಲ್ಲಿ ನಿಂತಳು.

"ಏನತ್ತೆ ನೋಡ್ತಿದ್ದೀರಾ? ಫೈನಲ್ ನಿನ್ನೆಗೇ ಮುಗೀತಲ್ಲ. ಇನ್ನು ಅಕ್ಟೋಬರ್‌ಗೇ ಆಟ."

ನಾನು ಬೆಪ್ಪಾದೆ. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು. ಆಶಾ ಮಾವನ ಮೊಬೈಲ್ ತೆಗೆದುಕೊಂಡು ಏನೋ ಒತ್ತಿ, "ಮಾವ, ನಿಮ್ ಭವಿಷ್ಯ ಇದ್ರಲ್ಲೇ ಬರುತ್ತೆ, ಇಷ್ಟಕ್ಕೆ ಇಬ್ರೂ ತಿಂಗಳಿಂದ ಕಿತ್ತಾಡ್ತಿದ್ರಾ?" ಎಂದು ಕೊಟ್ಟು ಹೋದಳು.

ಗೆದ್ದ ಹಕ್ಕನ್ನು ಬಿಟ್ಟುಕೊಡುವುದು ನನ್ನ ಶಿಸ್ತಿಗೆ ಒಗ್ಗುವುದಿಲ್ಲ. ಈಗ ದಿನವೂ ಹಳೆಯ ಪಂದ್ಯಗಳ ಮರುಪ್ರಸಾರ ನೋಡುತ್ತೇನೆ. ನನ್ನ ಭವಿಷ್ಯ ಒಂದೂ ತಪ್ಪಿಲ್ಲ. ಯಜಮಾನರು ಜಗುಲಿಯಲ್ಲಿ ಮೊಬೈಲ್ ಜೋರಾಗಿ ಇಟ್ಟುಕೊಂಡು ಕೂರುತ್ತಾರೆ. ನಾನು ಟೀವಿಯ ಸದ್ದನ್ನು ಪೂರ್ತಿ ತಗ್ಗಿಸಿಕೊಳ್ಳುತ್ತೇನೆ. ಗೊತ್ತಿರುವ ಆಟಕ್ಕೆ ಸದ್ದೇಕೆ? ನನ್ನದು ಮೀನ ರಾಶಿ. ಆ ಜ್ಯೋತಿಷಿ ಅದನ್ನು ಕೊನೆಗೆ ಹೇಳುತ್ತಾನೆ, ಕಾಯಬೇಕು.