ಮಾಮಾನ ಮುಂದಿನ ಮುಕ್ಕಾಮು

ನಕ್ಷೆಯ ಮೇಲಿನ ನೀಲಿ ಚುಕ್ಕೆ ಯಮಕನಮರಡಿಯ ಹತ್ತಿರ ಹೆದ್ದಾರಿ ದಾಟಿ, ಒಂದು ಬಾವಿಯ ಪಕ್ಕ ನಿಂತಿತು.

"ಮಾಮಾ ಸಿಕ್ಕ!" ಎಂದು ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿ ಘೋಷಿಸಿದೆ.

ಮರುದಿನ ಕುಲಗೋಡದ ನಮ್ಮ ಮನೆಯಲ್ಲಿ ಅಕ್ಕನ ನಿಶ್ಚಿತಾರ್ಥ. ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಮಾಮಾ, ಅಂದರೆ ಅವ್ವನ ತಮ್ಮ, ಫೋನು ಎತ್ತುತ್ತಿರಲಿಲ್ಲ. "ಮಾಮಾ ಬರ್ಲಿಲ್ಲಂದ್ರ ನಾ ಸೀರಿನ ಉಡೂದಿಲ್ಲ" ಎಂದು ಅಕ್ಕ ಮುಖ ಊದಿಸಿಕೊಂಡಿದ್ದಳು.

ಮೊಬೈಲು ಎಲ್ಲೆಲ್ಲಿ ತಿರುಗಿದೆ ಎಂದು ನೋಡಿ, ಅದರ ಒಡೆಯ ಮುಂದೆ ಎಲ್ಲಿಗೆ ಹೋಗುತ್ತಾನೆಂದು ಹೇಳುವುದೇ ನಾನು ವಿಶ್ವವಿದ್ಯಾಲಯದಲ್ಲಿ ಓದಿದ ವಿದ್ಯೆ. ಮಾಮಾನ ಒಪ್ಪಿಗೆಯಿಂದಲೇ ಅವನ ಫೋನಿನ ಜಾಡು ನನ್ನ ಬಳಿ ಇತ್ತು. ಮುಂದಿನ ಮುಕ್ಕಾಮು ಯಮಕನಮರಡಿ ಎಂದು ಬೆಳಿಗ್ಗೆಯೇ ಹೇಳಿದ್ದೆ. ಚುಕ್ಕೆ ನನ್ನ ಮಾತು ಕೇಳಿತ್ತು!

"ಅಂವ ತಾನ ಬರ್ತಾನ ಬಿಡ" ಎಂದಳು ಅವ್ವ.

"ಅವ್ವಾ, ಇದು ವಿಜ್ಞಾನ!"

ಅಪ್ಪ ಬಾಡಿಗೆ ಜೀಪು ತಂದ. ಗೋಕಾಕ ದಾಟಿ ಹುಕ್ಕೇರಿ ತಾಲ್ಲೂಕು ಮುಟ್ಟುವವರೆಗೂ ನಾನು ಸಂಭವನೀಯತೆಯ ಕುರಿತು ಉಪನ್ಯಾಸ ಕೊಟ್ಟೆ. ಅಪ್ಪ ಗಾಜು ಇಳಿಸಿ ಗಾಳಿಯ ಸದ್ದು ಕೇಳಿದ.

ಬಾವಿಯ ಪಕ್ಕ ಕುದುರೆಯೊಂದು ಮೇಯುತ್ತಿತ್ತು. ಅದರ ಬೆನ್ನ ಮೇಲೆ ಕಂಬಳಿ, ಪಾತ್ರೆ, ಎಲ್ಲಕ್ಕಿಂತ ಮೇಲೆ ಸೋಲಾರ್ ಹಲಗೆ. ಹಲಗೆಯಿಂದ ಇಳಿದ ವೈರಿನ ತುದಿಗೆ ಮಾಮಾನ ಫೋನು! ಮಾಮಾನ ಹೆಂಡತಿ ಒಲೆಗೆ ಕಲ್ಲು ಹೊಂದಿಸುತ್ತಿದ್ದಳು.

"ಅತ್ತಿ, ಫೋನ್ ಯಾಕ ಎತ್ತಲಿಲ್ಲ?"

"ಅದು ಅವರ ಫೋನ್. ನಾ ಯಾಕ ಎತ್ತಲಿ? ಚಾರ್ಜ್ ಆಗಲಂತ ಕುದ್ರಿ ಮ್ಯಾಲ ಇರ್ತೈತಿ. ಗಂಡಸರು ಕುರಿ ಹಿಂದ, ನಾವು ಸಾಮಾನ ಹೇರ್ಕೊಂಡು ಕುದ್ರಿ ಜೋಡಿ ಮುಂದ. ನಿನಗ ಗೊತ್ತಿಲ್ಲೇನವಾ?"

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು! ಒಟ್ಟಿನಲ್ಲಿ, ಕುದುರೆಯ ಭವಿಷ್ಯವನ್ನು ನಾನು ಅತ್ಯಂತ ನಿಖರವಾಗಿ ನುಡಿದಿದ್ದೆ.

"ಮತ್ತ ಮಾಮಾ?"

"ಸೊಸಿ ಕಾರ್ಯ ಇಟ್ಕೊಂಡು ಇಲ್ಲಿ ಕುಂದರ್ತಾರೇನ? ಕುರಿ ತಮ್ಮನ ಕಡೆ ಬಿಟ್ಟು ಆಗಲೇ ಬಸ್ ಹತ್ಯಾರ."

ಅಷ್ಟರಲ್ಲಿ ಅಪ್ಪನ ಫೋನು ರಿಂಗಣಿಸಿತು. ಅವ್ವ.

"ನನ್ನ ತಮ್ಮ ಬಂದು ಕುಂತಾನ. ಚಹಾ ಕುಡದು, ಹುಡುಗಿ ಅಪ್ಪ ಎಲ್ಲಿ ಅಂತ ಕೇಳಾಕತ್ತಾನ. ಏನ ಹೇಳ್ಲಿ?"

ಅಪ್ಪ ಫೋನನ್ನು ನನ್ನ ಕೈಗಿಟ್ಟ. "ನೀನ ಹೇಳವಾ, ನಾವು ಮುಂದ ಎಲ್ಲಿ ಹೋಗ್ತೇವಂತ."

ಮರುದಿನ ಬೆಳಿಗ್ಗೆ ಅಕ್ಕ ನಗುತ್ತ ಸಿಂಗರಿಸಿಕೊಳ್ಳುತ್ತಿದ್ದಳು. ಸಂಕೇಶ್ವರದಿಂದ ಹೊರಟ ಬೀಗರು ಈಗ ಎಲ್ಲಿಗೆ ಬಂದಿರಬಹುದೆಂದು ಮಾಮಾ ಎಲ್ಲರೆದುರು ನನ್ನನ್ನೇ ಕೇಳಿದ. ನಾನು ಗಂಭೀರವಾಗಿ ಎದ್ದು, ಬಾಗಿಲಾಚೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತ ನಿಂತೆ.