ಮೈದಾನದಲ್ಲಿಲ್ಲದ ತೆಂಗಿನಮರದ ಬಗ್ಗೆ ಅಧ್ಯಕ್ಷರಲ್ಲೊಂದು ಅರಿಕೆ

೧೪ ಸೆಪ್ಟೆಂಬರ್ ೧೯೭೯

ತಿಪಟೂರು ಸೀಮೆಯ ಕೊಬ್ಬರಿ ಮಂಡಿಯೊಂದರ ಮಾಲೀಕರೂ, ನಮ್ಮ ಪ್ರೌಢಶಾಲೆಯ ಕ್ರೀಡಾ ಸಾಮಗ್ರಿ ಆಯ್ಕೆ ಸಮಿತಿಯ ಅಧ್ಯಕ್ಷರೂ, ಈ ಊರಿನಲ್ಲಿ ಯಾವುದಕ್ಕೇ ಅಧ್ಯಕ್ಷರು ಬೇಕಾದರೂ ತಮಗೆ ತಾವೇ ಮೊದಲು ನೆನಪಾಗುವವರೂ ಆದ ಶ್ರೀ ಶಂಭುಲಿಂಗಯ್ಯನವರ ಸನ್ನಿಧಿಗೆ,

ಮಾನ್ಯರೇ,

ಅದೇ ಶಾಲೆಯ ಡ್ರಿಲ್ ಮೇಷ್ಟ್ರು ವೆಂಕಟಯ್ಯ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಅಟ್ಟದ ಮೇಲಿನ ಕಾಯಿಗಳು ತಮಗಿಂತ ಕ್ಷೇಮವೆಂದೂ ನಂಬಿದ್ದೇನೆ. ನಮ್ಮ ಫುಟ್‌ಬಾಲ್ ತಂಡದ ಬ್ಯಾಕ್ ಆಟಗಾರ, ಹತ್ತನೇ ತರಗತಿಯ ತಿಮ್ಮಯ್ಯ ಮಾತ್ರ ಕ್ಷೇಮವಾಗಿಲ್ಲ. ಬಲಗಾಲಿನ ಮೂಳೆ ಮುರಿದು, ತೊಡೆಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾನೆ. ಅದು ಹೇಗೆ ಮುರಿಯಿತೆಂದು ತಾವು ನಿನ್ನೆ ಬರೆಸಿ ಕಳುಹಿಸಿದ ಹೇಳಿಕೆಯನ್ನು ಓದಿ ಬೆರಗಾಗಿ, ಸಹಿ ಹಾಕುವ ಮೊದಲು ಕೆಲವು ಸಂದೇಹಗಳನ್ನು ಪರಿಹರಿಸಿಕೊಳ್ಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಕೀರ್ತಿ ತಮ್ಮ ಮನೆಯೊಳಗೇ ಉಳಿಯಬಾರದೆಂದು ಇದರ ಒಂದು ಪ್ರತಿಯನ್ನು ಬಸ್ ನಿಲ್ದಾಣದ ಹೋಟೆಲಿನ ಗೋಡೆಗೂ ಅಂಟಿಸುತ್ತಿದ್ದೇನೆ.

ಅಲ್ಲಿ ನಿಂತು ಓದುವವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವುದಕ್ಕೆ ಟ್ಯಾಕ್ಲಿಂಗ್ ಎನ್ನುತ್ತಾರೆ. ನಮ್ಮ ಹುಡುಗರು ಅದರಲ್ಲಿ ಹಿಂದಿದ್ದಾರೆಂದು ಜೂನ್ ತಿಂಗಳಲ್ಲಿ ನಾನೊಂದು ಅರ್ಜಿ ಕೊಟ್ಟೆ. ನಾಲ್ಕು ಚೆಂಡು, ನೆಲಕ್ಕೆ ನೆಟ್ಟು ಅಭ್ಯಾಸ ಮಾಡಿಸಲು ಹತ್ತು ಬಿದಿರು ಗಳ, ಕಣಕಾಲಿಗೆ ಪೆಟ್ಟು ಬೀಳದಂತೆ ಕಟ್ಟಿಕೊಳ್ಳುವ ಹನ್ನೊಂದು ಜೊತೆ ಕಾಲುಪಟ್ಟಿ, ಇಷ್ಟೇ ಕೇಳಿದ್ದು. ಇಷ್ಟು ಸಣ್ಣ ಅರ್ಜಿ ತಮ್ಮ ಘನತೆಗೆ ಕುಂದೆಂಬುದು ನನಗೆ ಆಗ ಹೊಳೆಯಲಿಲ್ಲ.

ಬೆಂಗಳೂರಿನ ಅಂಗಡಿಯ ಏಜೆಂಟ್ ಮಾದರಿಗಳನ್ನು ಹೊತ್ತು ಬಂದ ದಿನ ಸಭೆ ಶಾಲೆಯಲ್ಲಿ ನಡೆಯದೆ ತಮ್ಮ ಮಂಡಿಯಲ್ಲಿ, ಕೊಬ್ಬರಿ ಚೀಲಗಳ ನಡುವೆ ನಡೆಯಿತು. ಹುಟ್ಟಿದಾಗಿನಿಂದ ಫುಟ್‌ಬಾಲ್ ಮುಟ್ಟದ ತಾವು ಅಂದು ಅದನ್ನು ಮುಟ್ಟಿದ ರೀತಿಯನ್ನು ನಾನು ಸಾಯುವತನಕ ಮರೆಯಲಾರೆ. ಎರಡೂ ಕೈಯಲ್ಲಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡು ಅಲ್ಲಾಡಿಸಿದಿರಿ. ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯೊಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುವುದನ್ನು ಕೇಳಿಯೇ ಮಾಲು ಅಳೆಯುವ ಕಿವಿ ಅದು. ಚೆಂಡಿನೊಳಗಿಂದ ಏನೂ ಕೇಳಿಸದಿದ್ದಾಗ ಅದನ್ನು ಕೆಳಗಿಟ್ಟು, "ಇದಿನ್ನೂ ಹಸಿ ಕಣ್ರೀ" ಎಂದಿರಿ. ಕಾಲುಪಟ್ಟಿಗಳನ್ನೂ ಅಲ್ಲಾಡಿಸಿದಿರಿ. ಅವೂ ಸದ್ದು ಮಾಡದೆ ತಮ್ಮ ಪರೀಕ್ಷೆಯಲ್ಲಿ ನಪಾಸಾದವು.

ಕೊನೆಗೆ ಬಂದದ್ದು ಆಳೆತ್ತರದ ಚರ್ಮದ ಗೊಂಬೆ. ಅದರ ಬುಡದಲ್ಲಿ ಚೆಂಡಿಟ್ಟು, ಹುಡುಗರು ಓಡಿಬಂದು ಕಸಿಯುವ ಅಭ್ಯಾಸ ಮಾಡಬೇಕಂತೆ. ತಮ್ಮ ಅಪ್ಪಣೆಯಂತೆ ಇಬ್ಬರು ಹಮಾಲರು ಅದನ್ನೆತ್ತಿ ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಎಂದಿತು, ತಮ್ಮ ಮುಖ ಅರಳಿತು. ಪಾಪ, ಆ ಏಜೆಂಟ್ ಪ್ರಾಮಾಣಿಕ ಮನುಷ್ಯ. "ಅದು ಗೊಂಬೆ ನಿಲ್ಲೋಕೆ ತಳದಲ್ಲಿಟ್ಟಿರೋ ಕಬ್ಬಿಣದ ಗುಂಡು ಸಾರ್, ಬೋಲ್ಟ್ ಕಳಚಿಕೊಂಡಿದೆ, ಬೇರೆ ಪೀಸ್ ತಂದ್ಕೊಡ್ತೀನಿ" ಎಂದ. ಅದಕ್ಕೆ ತಾವು, "ಮೂವತ್ತು ವರ್ಷದಿಂದ ಈ ಕಿವೀಲೇ ವ್ಯಾಪಾರ ಮಾಡ್ಕಂಡ್ ಬಂದಿದೀನಿ, ನಂಗೇ ಹೇಳ್ಕೊಡ್ತೀಯೇನಪ್ಪ? ಸದ್ದು ಮಾಡೋ ಮಾಲೇ ಒಳ್ಳೇ ಮಾಲು. ಇದ್ನೇ ಬುಡು" ಎಂದು ತೀರ್ಪು ಕೊಟ್ಟಿರಿ. ಸಮಿತಿಯ ಇನ್ನಿಬ್ಬರು ಸದಸ್ಯರು ತಲೆಯಾಡಿಸಿದರು. ಆ ತಲೆಗಳು ಆಡಿದಾಗ ಒಳಗೇನಾದರೂ ಸದ್ದಾಯಿತೋ ಇಲ್ಲವೋ ನಾನು ಗಮನಿಸಲಿಲ್ಲ. ನಾನೂ ಅಲ್ಲೇ ಕೂತಿದ್ದೆ, ತಾವು ತರಿಸಿಕೊಟ್ಟ ಕಾಫಿ ಕುಡಿದು ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗೊಂಬೆಗೆ ಹಾರ ಹಾಕಿ, ಕುಂಕುಮವಿಟ್ಟು, ಕಾಯಿ ಒಡೆದು ಫೋಟೋ ತೆಗೆಸಿಕೊಂಡಿರಿ. ಆಟಗಾರರಿಗೆ ಆ ಫೋಟೋದಲ್ಲಿ ಜಾಗ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಸರದಿ ತಿಮ್ಮಯ್ಯನದು. ಅವನು ಓಡಿಬಂದು ಚೆಂಡಿಗೆ ಕಾಲು ಹಾಕಿದ, ಗೊಂಬೆ ವಾಲಿತು, ತಳದ ಹೊಲಿಗೆ ಬಿಚ್ಚಿ ಐದು ಕೆ.ಜಿ. ಗುಂಡು ಅವನ ಬರಿಗಾಲಿಗೆ ಅಪ್ಪಳಿಸಿತು. ಮೂಳೆ ಮುರಿದದ್ದು ನನಗೆ ಕೇಳಿಸಿತು. ತಮ್ಮಷ್ಟು ನುರಿತ ಕಿವಿ ನನ್ನದಲ್ಲ, ಆದರೂ ಕೇಳಿಸಿತು. ಮುಂದಿನ ತಿಂಗಳು ತುಮಕೂರಿನಲ್ಲಿ ನಡೆಯುವ ಜಿಲ್ಲಾ ತಂಡದ ಆಯ್ಕೆಗೆ ನಮ್ಮ ಶಾಲೆಯಿಂದ ಕರೆ ಬಂದಿದ್ದುದು ಅವನೊಬ್ಬನಿಗೇ.

ಈಗ ತಮ್ಮ ಹೇಳಿಕೆಯ ವಿಚಾರ. "ಸದರಿ ವಿದ್ಯಾರ್ಥಿಯು ಎಳನೀರು ಕದಿಯುವ ಉದ್ದೇಶದಿಂದ ಶಾಲಾ ಮೈದಾನದ ತೆಂಗಿನಮರವನ್ನು ಹತ್ತಿ, ಜಾರಿ ಬಿದ್ದು ಕಾಲು ಮುರಿದುಕೊಂಡಿರುತ್ತಾನೆ" ಎಂದು ತಾವು ಬರೆಸಿದ್ದೀರಿ. ಸೋಮವಾರ ವಿದ್ಯಾ ಇಲಾಖೆಯ ಸಾಹೇಬರು ವಿಚಾರಣೆಗೆ ಬರುವುದರೊಳಗೆ ಅದಕ್ಕೆ ಸಾಕ್ಷಿಯಾಗಿ ನಾನು ಸಹಿ ಹಾಕಬೇಕು, ಹುಡುಗನ ತಾಯಿ ಬೋರಮ್ಮನವರು ಹೆಬ್ಬೆಟ್ಟು ಒತ್ತಬೇಕು. ಆಮೇಲೆ ಗೊಂಬೆ ನಿರಪರಾಧಿ, ಸಮಿತಿ ನಿರಪರಾಧಿ, ಕಾಲು ಮುರಿದುಕೊಂಡವನೇ ಕಳ್ಳನಾಗಿ ಶಾಲೆಯಿಂದ ಹೊರಕ್ಕೆ. ಇಷ್ಟು ಅಚ್ಚುಕಟ್ಟಾದ ಬರವಣಿಗೆಯಲ್ಲಿ ನನಗೆ ಕಂಡ ಕೊರತೆ ಒಂದೇ, ನಮ್ಮ ಮೈದಾನದಲ್ಲಿ ತೆಂಗಿನಮರವಿಲ್ಲ. ಎತ್ತ ನೋಡಿದರೂ ತೋಟವೇ ಇರುವ ಈ ಸೀಮೆಯಲ್ಲಿ ಒಂದು ಮರವೂ ಇಲ್ಲದ ಜಾಗ ಅದೊಂದೇ, ಅಂಥ ಜಾಗವನ್ನೇ ಹುಡುಕಿ ತಾವು ಹುಡುಗನನ್ನು ಮರದಿಂದ ಬೀಳಿಸಿದ್ದೀರಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ, ತಿಮ್ಮಯ್ಯ ಬಿದ್ದ ಜಾಗದಲ್ಲಿ ನಲವತ್ತು ಅಡಿಯ ಮರವೊಂದನ್ನು ಬೆಳೆಸಿಕೊಡಬೇಕಾಗಿ ಪ್ರಾರ್ಥನೆ. ಎಳನೀರಿನ ಗೊನೆ ಸಾಹೇಬರಿಗೆ ಕಾಣುವಂತಿರಲಿ. ನಮ್ಮಂಥವರು ನೆಟ್ಟ ಸಸಿಗೆ ಏಳೆಂಟು ವರ್ಷ ಬೇಕಾದೀತು, ತಮ್ಮ ಮಾತು ಮೀರುವ ಧೈರ್ಯ ಯಾವ ಮರಕ್ಕಿದೆ? ಹಾಗೆಯೇ ತಿಮ್ಮಯ್ಯನಿಗೆ ಹುಟ್ಟಿನಿಂದ ತಲೆಸುತ್ತಿನ ತೊಂದರೆ, ಅಟ್ಟದ ಏಣಿಯಲ್ಲಿ ಮೂರು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತದೆ. ಅವನಿಗೆ ಮರ ಹತ್ತುವುದನ್ನು ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಕಲಿಸಿಕೊಡಬೇಕು. ಇನ್ನು ನಾಡಿದ್ದು ಭಾನುವಾರ ಹುಳಿಯಾರಿನ ತಂಡದ ಮೇಲೆ ಪಂದ್ಯವಿದೆ. ನಮ್ಮ ಬ್ಯಾಕ್ ಆಟಗಾರ ಮಲಗಿರುವುದರಿಂದ ಅವನ ಜಾಗಕ್ಕೆ ತಮ್ಮ ಗೊಂಬೆಯನ್ನೇ ಕಳುಹಿಸಿದರೆ ಉಪಕಾರವಾಗುತ್ತದೆ. ಈ ವರ್ಷ ಕಾಲು ಮುರಿಯುವುದರಲ್ಲಿ ಅದನ್ನು ಮೀರಿಸಿದ ಆಟಗಾರನಿಲ್ಲ.

ಕೊನೆಯದಾಗಿ ಬೋರಮ್ಮನವರ ಮಾತು. ಅವರು ತಮ್ಮ ಮಂಡಿಯಲ್ಲಿ ಹದಿನಾಲ್ಕು ವರ್ಷದಿಂದ ಕಾಯಿ ಒಡೆದು ಚಿಪ್ಪು ಬಿಡಿಸುತ್ತಿದ್ದಾರೆ. ಹೆಬ್ಬೆಟ್ಟು ಒತ್ತದಿದ್ದರೆ ಇನ್ನು ಕೆಲಸಕ್ಕೆ ಬರುವುದು ಬೇಡವೆಂದು ತಾವು ಹೇಳಿಕಳುಹಿಸಿದಿರಂತೆ. ತಮ್ಮ ಹೇಳಿಕೆಯ ಪ್ರತಿ ಹಿಡಿದುಕೊಂಡು ಅವರು ನನ್ನ ಮನೆಗೆ ಬಂದರು, ನಾನು ಓದಿ ಹೇಳಿದೆ. ಕಾಗದವನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, "ನಂಗೆ ಓದೋಕೆ ಬರಲ್ಲ ಮೇಷ್ಟ್ರೇ. ಆದ್ರೆ ನನ್ ಮಗ ಮರ ಹತ್ತಲ್ಲ, ಕದಿಯೋನೂ ಅಲ್ಲ, ಅದು ನಂಗ್ ಗೊತ್ತೈತೆ" ಎಂದರು. ಮಂಡಿಯಲ್ಲಿ ಕಾಫಿ ಕುಡಿದು ಸುಮ್ಮನಿದ್ದವನಿಗೆ ಆ ಮಾತು ಕೇಳಿದ ಮೇಲೂ ಸುಮ್ಮನಿರಲು ಆಗಲಿಲ್ಲ.

ತಾವು ನನ್ನ ಸಹಿ ಕೇಳಿದ್ದೀರಿ, ತಮ್ಮಂಥವರು ಕೇಳಿದಾಗ ಇಲ್ಲವೆನ್ನಬಾರದು. ಹಾಕಿದ್ದೇನೆ, ತಮ್ಮ ಹೇಳಿಕೆಯ ಕೆಳಗಲ್ಲ, ಇಲ್ಲಿ. ಪಕ್ಕದಲ್ಲಿರುವ ಹೆಬ್ಬೆಟ್ಟು ಬೋರಮ್ಮನವರದು. ಪತ್ರವನ್ನು ಎರಡು ಸಲ ಓದಿಸಿ ಕೇಳಿಕೊಂಡೇ ಒತ್ತಿದ್ದಾರೆ.

ಸೋಮವಾರ ಹತ್ತು ಗಂಟೆಯವರೆಗೆ
ತಮ್ಮ ವಿಶ್ವಾಸಿ,
ವೆಂಕಟಯ್ಯ, ಡ್ರಿಲ್ ಮೇಷ್ಟ್ರು

ತಾ. ಕ.: ಗೊಂಬೆಯೊಳಗಿಂದ ಬಿದ್ದ ಕಬ್ಬಿಣದ ಗುಂಡು ತಾವು ಹುಡುಕಿಸಿದಾಗ ಸಿಗಲಿಲ್ಲವೆಂದು ಕೇಳಿದೆ. ಚಿಂತೆ ಬೇಡ, ಅದು ನನ್ನ ಬಳಿ ಒಂದು ಬಿಸ್ಕತ್ ಡಬ್ಬಿಯಲ್ಲಿ ಭದ್ರವಾಗಿದೆ. ಸೋಮವಾರ ಡಬ್ಬಿಯನ್ನು ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಅವರಿಗೆ ಕೊಬ್ಬರಿ ವ್ಯಾಪಾರ ತಿಳಿಯದು, ಆದ್ದರಿಂದ ತಾವೇ ದಯಮಾಡಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮಾಲು ಎಂಥದ್ದೆಂದು ಅವರಿಗೆ ಹೇಳಬೇಕು.