ಟಾಂಜಾನಿಯಾದಾಗ ನಾಗಪ್ಪಗ ಹಾಲು

ನಾ ಒಂದು ಮಾಡಾಕ ಹೋದ್ರ ಇನ್ನೊಂದು ಆಗೋದು ನನ್ನ ಹಣೇಬರಹನ ಐತ್ರಿ. ಮೂವತ್ತು ವರ್ಷ ಕನ್ನಡ ಸಾಲಿ ಅಕ್ಕೋರಾಗಿ ಮಂದಿಗೆ ತಿಳಿಸಿ ಹೇಳಿದಾಕಿ, ನನಗ ಮಾತ್ರ ಯಾವತ್ತೂ ಏನೂ ತಿಳಿಯಂಗಿಲ್ಲ.

ಪಂಚಮಿ ಅಂದ್ರ ಹೆಣ್ಣುಮಕ್ಕಳು ತವರಿಗೆ ಹೋಗೋ ಹಬ್ಬ. ನನ್ನ ತವರು ಹತ್ತಿಮತ್ತೂರು, ಗಂಡನ ಮನಿ ಶಿಗ್ಗಾಂವ. ಹೋದ ವರ್ಷ ಅವ್ವ ತೀರಿಕೊಂಡ್ಲು. ಈ ಸರ್ತಿ ಪಂಚಮಿಗೆ ಬಾ ಅನ್ನವರ ಯಾರು? ಮನ್ಯಾಗ ಕುಂತ್ರ ಅತಗೋತ ಕುಂದರ್ತೇನಿ ಅಂತ ಹೆದರಿದ್ದೆ. ಹಿರೇಕೆರೂರಿನ ನನ್ನ ಗೆಳತಿ, ರಿಟೈರ್ ಆದ ನರ್ಸು, ಪ್ರತಿ ವರ್ಷ ಶ್ರಾವಣದಾಗ ಟಾಂಜಾನಿಯಾದ ಒಂದು ಅನಾಥ ಮಕ್ಕಳ ಆಶ್ರಮಕ್ಕ ಸೇವಾ ಮಾಡಾಕ ಹೊಕ್ಕಾಳ. "ನೀನೂ ಬಾ, ಮಕ್ಕಳ ಜೋಡಿ ಹಬ್ಬ ಮಾಡೂಣು" ಅಂದ್ಲು. ಹೊಂಟೆ.

ಉಂಡಿ

ಉಂಡಿ ಇಲ್ದ ಪಂಚಮಿ ಹೆಂಗ? ಶೇಂಗಾ ಉಂಡಿ, ಎಳ್ಳುಂಡಿ ಎರಡು ಡಬ್ಬಿ ತುಂಬಿದ್ದೆ. ಅಲ್ಲಿ ವಿಮಾನ ಇಳದ ಕೂಡ್ಲೆ ತಪಾಸಣಿ ಸಾಹೇಬ ಒಂದು ಉಂಡಿ ಎತ್ತಿ ತಿರುವಿ ತಿರುವಿ ನೋಡಿದ.

ಇಂಗ್ಲಿಷ್ ಬರೂದು ಗೆಳತಿಗೆ. "ತಿಂದು ತೋರಸಬೇಕಂತ" ಅಂದ್ಲು.

ತಿಂದೆ. ಹಬ್ಬದ ಉಂಡಿ ಎದುರಿಗಿದ್ದವರಿಗೆ ಕೊಡದ ತಿಂದ್ರ ಹೆಂಗ ಅಂತ ಅವನ ಕೈಯಾಗೂ ಒಂದು ಇಟ್ಟೆ. ಬಾಜೂಕಿನವ ನೋಡಾಕತ್ತಿದ್ದ, ಅವಗೊಂದು. ಅವನ ಹಿಂದ ಮತ್ತ ನಾಕು ಮಂದಿ. ಯಾರು ಯಾರನ್ನ ತಪಾಸಣಿ ಮಾಡಾಕತ್ತಾರ ಅನ್ನೂದ ತಿಳೀಲಿಲ್ಲ, ಒಂದು ಡಬ್ಬಿ ಅಲ್ಲೇ ಖಾಲಿ. ಸಾಹೇಬ ಬೆಲ್ಲದ ಕೈಲೇನ ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ ಕೊಟ್ಟ. ಅದಕ್ಕ ಇನ್ನೂ ಇರಿವಿ ಹತ್ತತಾವ.

ಜೋಕಾಲಿ

ಆಶ್ರಮದ ಅಂಗಳದಾಗ ದೊಡ್ಡ ಮಾವಿನ ಗಿಡ. ಮಕ್ಕಳಿಗಂತ ಜೋಕಾಲಿ ಕಟ್ಟಿಸಿದೆ. ನಲವತ್ತು ಮಕ್ಕಳು, ಒಂದೂ ಹತ್ತವಲ್ಲದು. ಆಡಿ ತೋರಸಾಕ ನಾನ ಹತ್ತಿದೆ. ಗೆಳತಿ ಸುಮ್ನಿರಬೇಕೋ ಬ್ಯಾಡೋ! "ನಮ್ಮ ಕಡೆ ಈ ಹಬ್ಬಕ್ಕ ದೊಡ್ಡ ಹೆಂಗಸರೂ ಆಡ್ತಾರ" ಅಂತ ಹೇಳಿಬಿಟ್ಲು.

ಆಶ್ರಮ ನಡಸೋ ದೊಡ್ಡಬಾಯಿ ಇದೊಂದು ಕಟ್ಟುನಿಟ್ಟಿನ ನೇಮ ಅಂತ ತಿಳಕೊಂಡ್ಲು. ತಾನು ಹತ್ತಿದ್ಲು, ಅಡಗಿಯಾಕಿನ್ನ ಹತ್ತಿಸಿದ್ಲು, ಅರಿವಿ ಒಗಿಯಾಕಿನ್ನೂ ಕರಸಿದ್ಲು. ಮಕ್ಕಳು ಪಾಳಿ ಹಚ್ಚಿ ನಿಂತು ತೂಗಿದ್ವು. ದೊಡ್ಡಬಾಯಿ ಎರಡನೇ ಸರ್ತಿ ಹತ್ತಿದಾಕಿ ಊಟದ ಗಂಟಿ ಹೊಡಿಯೂತನಾ ಇಳೀಲಿಲ್ಲ.

ನಾಗಪ್ಪ

ಮಧ್ಯಾಹ್ನ ಹುತ್ತದ ಮಣ್ಣು ತಂದು, ಹೆಡಿ ಎತ್ತಿದ ನಾಗಪ್ಪನ್ನ ಮಾಡಿ, ಕಣ್ಣಿಗೆ ಎರಡು ಜ್ವಾಳ ಚುಚ್ಚಿ, ಅಡಗಿಮನಿ ಬಾಗಲಾಗ ಒಣಗಾಕ ಇಟ್ಟೆ. ಕೈ ತೊಳಕೊಂಡು ಬರೂದ್ರಾಗ ಧಪ್ಪ ಧಪ್ಪ ಅಂತ ಸಪ್ಪಳ. ಅಡಗಿಯಾಕಿ ಬಡಿಗಿ ಹಿಡಕೊಂಡು ತೇಕಾಕತ್ತಿದ್ಲು. ನಾಗಪ್ಪ ಭಕ್ರಿ ಆಗಿದ್ದ.

"ಅಯ್ಯ ಯವ್ವಾ, ಅದು ದೇವರು!" ಅಂದೆ. ವರ್ಷಾ ವರ್ಷಾ ಬಂದು ಅಲ್ಲಿ ಮಾತು ಕಲತಿದ್ದ ಗೆಳತಿ ಆಕಿಗೆ ತಿಳಿಸಿದ್ಲು.

ಪಾಪ, ಆಕಿ ಬಡಿಗಿ ಒಗದು ಬಾಯಿ ಮ್ಯಾಲೆ ಕೈ ಇಟ್ಕೊಂಡ್ಲು. ಹೋದ ವಾರ ಅಲ್ಲೇ ಖರೇ ಹಾವು ಬಂದಿತ್ತಂತ. ಆಮ್ಯಾಲೆ ಕೇಳಿದ್ಲು, "ನಿಮ್ಮೂರಾಗ ಮನ್ಯಾಗ ಹಾವು ಬಂದ್ರ ಏನು ಮಾಡ್ತೀರಿ?"

ಸುಳ್ಳು ಹೇಳಾಕ ಮನಸಾಗಲಿಲ್ಲ. "ಹೊಡೀತಾರ" ಅಂದೆ.

"ಮತ್ತ ಇದು?"

"ಇದಕ್ಕ ಪೂಜಾ ಮಾಡ್ತೇವಿ."

ಆಕಿ ಬಡಿಗಿ ಕಡೆ ಒಮ್ಮೆ, ನಾಗಪ್ಪನ ಕಡೆ ಒಮ್ಮೆ ನೋಡಿದ್ಲು. "ಮೊದಲು ಹೊಡೀತೀರೋ, ಮೊದಲು ಪೂಜಾ ಮಾಡ್ತೀರೋ?"



ಪಾಲು

ನಾಗಪ್ಪ ಹೋದ ಅಂತ ನನ್ನ ಮಾರಿ ಸಣ್ಣದಾಗಿದ್ದು ಮಕ್ಕಳಿಗೆ ಕಂಡಿರಬೇಕು. ಮರದಿನ ಎದ್ದು ನೋಡಿದ್ರ ಗಿಡದ ಬುಡಕ್ಕ ನಲವತ್ತು ನಾಗಪ್ಪಗೋಳು! ಉದ್ದಾನವು, ಗಿಡ್ಡವು, ಒಂದಕ್ಕಂತೂ ನಾಕು ಕಾಲು. ಚಹಾದ ಹಾಲೆಲ್ಲಾ ತಂದು ಕುಂತೆ.

ನಮ್ಮಲ್ಲಿ ಹಾಲು ಹಾಕೂವಾಗ ಮನಿಮಂದಿ ಒಬ್ಬೊಬ್ಬರ ಪಾಲು ಹೇಳ್ತೇವಿ. ರೂಢಿ ನೋಡ್ರಿ, "ದೇವರ ಪಾಲು, ಅಪ್ಪನ ಪಾಲು, ಅವ್ವನ..." ಅಂದಾಕಿ ಬಟ್ಟಲಾ ಹಿಂದಕ್ಕ ಎಳಕೊಂಡೆ. ಎಂಥಾ ಮಕ್ಕಳ ಮುಂದ ಎಂಥಾ ಮಾತು! ನನಗರ ಎಲ್ಲಿ ಅವ್ವ?

ಎರಡು ಜಡಿ ಹಾಕೊಂಡ ಒಂದು ಹುಡುಗಿ ಏನಾತು ಅಂತ ಕೇಳಿತು. ಗೆಳತಿ ಎಲ್ಲಾ ತಿಳಿಸಿ, "ಈಕಿ ಅವ್ವ ಹೋದ ವರ್ಷ ಹೋದ್ಲು" ಅಂದ್ಲು. ಹುಡುಗಿ ನನ್ನ ಕೈಯಾನ ಬಟ್ಟಲಕ್ಕ ತನ್ನ ಕೈ ಹಚ್ಚಿ, "ನಿಮ್ಮವ್ವನ ಪಾಲು, ನಮ್ಮವ್ವನ ಪಾಲು" ಅಂತ ಸುರುವಿತು. ಹಿಂದಿಂದ ಎಲ್ಲಾ ಮಕ್ಕಳೂ ಸುರುವಿದ್ವು, ದೊಡ್ಡಬಾಯಿ ಪಾಲು, ನಾಯಿ ಪಾಲು, ನನ್ನ ಪಾಲೂ ಬಂತು. ಅಳು ಬಂತು, ಖರೇ. ಆದ್ರ ತವರಿಗೆ ಬಂದಾಂಗ ಆಗಿ ಅತ್ತೆ.

ಅಷ್ಟ್ರಾಗ ಅಡಗಿಯಾಕಿ ಬಂದು ತಳದಾಗ ಉಳದ ಹಾಲು ತಗೊಂಡ್ಲು. ನಲವತ್ತೂ ನಾಗಪ್ಪಗಳನ್ನ ದಾಟಿ ಅಡಗಿಮನಿ ಬಾಗಲಕ ಹೋಗಿ, ನಿನ್ನೆ ಭಕ್ರಿ ಆದವನ ಮ್ಯಾಲೆ ಸುರುವಿ ಕೈ ಮುಗದ್ಲು. ಆಮ್ಯಾಲೆ ಗೆಳತಿ ಕಡೆ ತಿರುಗಿ ಕೇಳಿದ್ಲು:

"ಇವನ ಸಿಟ್ಟು ಇಳೀತೇನು ಕೇಳು. ನಾಳಿ ಖರೇದು ಬಂದ್ರ ಮತ್ತ ಹೊಡೀಬೇಕಲ್ಲ?"